ಸ್ಕೀಮಾ, ಡ್ರಾಪ್, ಕಮಿಟ್, ಉಚಿತ: ಡೇಟಾಬೇಸ್ ಟೂಲ್‌ಗಳ ಕೈಪಿಡಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಕಲಿಯುವವರಿಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡುತ್ತಾ ಕೂರದೆ, ಮೌಸ್ ಹಿಡಿದು ಡೇಟಾಬೇಸ್ ಕಟ್ಟಲು, ನೋಡಿಕೊಳ್ಳಲು ದುಡ್ಡು ಕೊಡದೆ ಸಿಗುವ ಟೂಲ್‌ಗಳಿವೆಯಲ್ಲ, ಅವುಗಳಲ್ಲಿ ಯಾರು ಯಾವುದನ್ನು ಆರಿಸಿಕೊಳ್ಳಬೇಕು ಅನ್ನುವುದು ವಿಷಯ. ಟೂಲ್‌ಗಳ ಗುಣದೋಷ ಬರೆದದ್ದಾಯಿತು. ಪದಗಳ ಹತ್ತಿರ ಗಾಡಿ ನಿಂತಿದೆ. ಟೇಬಲ್‌ಗೆ ಕೋಷ್ಟಕ, ರೋ ಮತ್ತು ಕಾಲಂಗೆ ಅಡ್ಡಸಾಲು, ಕಂಬಸಾಲು ಅಂತ ಇಟ್ಟುಕೊಂಡಿದ್ದೇನೆ. ಶಾಲೆಯ ಗಣಿತದಲ್ಲೇ ಇವು ಬಂದು ಹೋಗಿರುತ್ತವೆ, ಯಾರೂ ತಡವರಿಸುವುದಿಲ್ಲ. ಕೆಳಗಿನವು ಮಾತ್ರ ಬಗೆಹರಿದಿಲ್ಲ. ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ಉಚಿತ’. ಇದೇನು ಕಷ್ಟದ ಪದ ಅಂತ ಕೇಳಬೇಡಿ. ಕೈಪಿಡಿಯ ತಲೆಬರಹದಲ್ಲೇ ‘ಉಚಿತ ಟೂಲ್‌ಗಳು’ ಅಂತ ಹಾಕಿದ್ದೆ. ಆಮೇಲೆ ಪಟ್ಟಿ ನೋಡಿದರೆ ಅದರಲ್ಲಿ ಬೇರೆ ಬೇರೆ ಜಾತಿಯವು ಸೇರಿಕೊಂಡಿದ್ದವು. ಹೈಡಿಎಸ್‌ಕ್ಯೂಎಲ್ ಇದೆ, ಜಿಪಿಎಲ್ ಅನ್ನುವ ಮುಕ್ತ ಪರವಾನಗಿಯದ್ದು, ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಇದೆ, ಅದಕ್ಕೂ ದುಡ್ಡಿಲ್ಲ, ಆದರೆ ಕೋಡ್ ಮೈಕ್ರೋಸಾಫ್ಟ್ ಕೈಯಲ್ಲೇ ಇರುತ್ತದೆ, ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಒರಾಕಲ್‌ನ ಎಸ್‌ಕ್ಯೂಎಲ್ ಡೆವಲಪರ್ ಕೂಡ ದುಡ್ಡಿಲ್ಲದ್ದು, ಮುಕ್ತವಲ್ಲದ್ದು. ಮೂರನೆಯ ಗುಂಪಿನಲ್ಲಿ ಡಿಬೀವರ್, ಬೀಕೀಪರ್ ಸ್ಟುಡಿಯೋ ಇಂಥವು. ಕಮ್ಯುನಿಟಿ ಆವೃತ್ತಿ ಮುಕ್ತ, ಪಕ್ಕದಲ್ಲೇ ದುಡ್ಡು ಕೊಟ್ಟು ತಗೊಳ್ಳುವ ದೊಡ್ಡ ಆವೃತ್ತಿ. ಡಿಬೀವರ್ ಕಮ್ಯುನಿಟಿಯಲ್ಲಿ ಸಾಮಾನ್ಯ ಎಸ್‌ಕ್ಯೂಎಲ್ ಡೇಟಾಬೇಸ್‌ಗಳೆಲ್ಲ ಸಿಗುತ್ತವೆ, ಮೊಂಗೋಡಿಬಿ ಥರದ, ಕೋಷ್ಟಕಗಳಲ್ಲಿ ಡೇಟಾ ಇಡದ ಡೇಟಾಬೇಸ್‌ಗಳು ಬೇಕಾದರೆ ದುಡ್ಡು ಬಿಚ್ಚಬೇಕು.

ಈ ಮೂರಕ್ಕೂ ‘ಉಚಿತ’ ಅಂದರೆ ಓದುವವರಿಗೆ ಅರ್ಧ ವಿಷಯ ಮಾತ್ರ ಹೇಳಿದ ಹಾಗೆ. ವ್ಯತ್ಯಾಸ ಸುಮ್ನೆ ಸಿದ್ಧಾಂತದ ಮಾತಲ್ಲ. ಅಜ್ಯೂರ್ ಡೇಟಾ ಸ್ಟುಡಿಯೋ ಅನ್ನುವ ತನ್ನ ಡೇಟಾಬೇಸ್ ಟೂಲನ್ನು ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2025ರಲ್ಲಿ ಹೇಳಿ, 2026ರ ಫೆಬ್ರವರಿ ಕೊನೆಯ ಗಡುವು ಕೊಟ್ಟು, ಬಳಸುವವರೆಲ್ಲ ವಿಎಸ್ ಕೋಡ್ ಅನ್ನುವ ತನ್ನ ಕೋಡ್ ಎಡಿಟರ್‌ಗೆ ಹೋಗಿ ಅಂದಿತು. ದುಡ್ಡು ಕೇಳದ ಟೂಲ್ ನಾಳೆಯೂ ಇರುತ್ತದೆ ಅಂತೇನಿಲ್ಲ. ನನ್ನ ಸದ್ಯದ ಹಂಚಿಕೆ ಹೀಗಿದೆ: ಕೋಡ್ ಬಿಟ್ಟುಕೊಟ್ಟದ್ದಕ್ಕೆ ‘ಮುಕ್ತ’, ಬರೀ ದುಡ್ಡಿಲ್ಲದ್ದಕ್ಕೆ ‘ಪುಕ್ಕಟೆ’. ಪುಕ್ಕಟೆ ಅಂದರೆ ಕೀಳಾಗಿ ಕೇಳಿಸುತ್ತದೆ ಅನ್ನುವವರಿದ್ದಾರೆ. ‘ಬಿಟ್ಟಿ’ಯಷ್ಟು ಕೀಳಲ್ಲ ಅಂತ ನನ್ನ ವಾದ. ‘ಉಚಿತ’ ಪದಕ್ಕೆ ‘ತಕ್ಕದ್ದು’ ಅನ್ನುವ ಹಳೆಯ ಅರ್ಥವೂ ಇರುವುದರಿಂದ ‘ನಿಮಗೆ ಉಚಿತವಾದ ಟೂಲ್’ ಅಂತ ಬರೆದರೆ ದುಡ್ಡಿಲ್ಲದ್ದೋ ಒಪ್ಪುವಂಥದ್ದೋ ಅನ್ನುವ ಇನ್ನೊಂದು ಗೊಂದಲ ಬೇರೆ. ಏನಂತೀರಿ?

ಎರಡನೆಯದು ‘ಕ್ಲೈಂಟ್’, ಅಂದರೆ ಡೇಟಾ ಇಟ್ಟುಕೊಂಡಿರುವ ಸರ್ವರ್‌ಗೆ ಜೋಡಿಸಿಕೊಂಡು ಕೆಲಸ ಮಾಡುವ ಟೂಲ್. ಡಿಬೀವರ್ ಇಳಿಸಿಕೊಂಡವರು ಮೊದಲು ಕೇಳುವ ಪ್ರಶ್ನೆ, ‘ಡೇಟಾಬೇಸ್ ಎಲ್ಲಿದೆ?’ ಇಲ್ಲ, ಅದು ಬರೀ ಕಿಟಕಿ. ಡೇಟಾ ಇರುವುದು ಸರ್ವರ್‌ನಲ್ಲಿ, ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ನನ್ನ ಕೈಪಿಡಿಯ ಡೇಟಾಬೇಸ್‌ಗಳಲ್ಲಿ ಎಸ್‌ಕ್ಯೂಲೈಟ್ ಒಂದು ಮಾತ್ರ ಈ ರಗಳೆ ಇಲ್ಲದ್ದು: ಇಡೀ ಡೇಟಾಬೇಸ್ ಒಂದೇ ಫೈಲ್, ಸರ್ವರ್ ಅನ್ನುವುದೇ ಇಲ್ಲ. ಹಾಗಾಗಿಯೇ ತೀರಾ ಹೊಸಬರಿಗೆ ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಹಾಕಿಕೊಳ್ಳಿ ಅಂತ ನಾನು ಹೇಳುವುದು. ಪದಕ್ಕೆ ಬರೋಣ. ‘ಗ್ರಾಹಕ’ ಅಂದರೆ ಅಂಗಡಿಗೆ ಬಂದವನು, ‘ಕಕ್ಷಿದಾರ’ ಅಂದರೆ ಕೋರ್ಟಿಗೆ ಬಂದವನು. ಎರಡೂ ಬೇಡ. ಕ್ಲೈಂಟ್ ಅಂತಲೇ ಬಿಟ್ಟಿದ್ದೇನೆ, ಸರ್ವರ್ ಹೇಗೂ ಸರ್ವರ್ರೇ. ಇದರಲ್ಲಿ ಜಾಸ್ತಿ ಚರ್ಚೆ ಬೇಕಿಲ್ಲ ಅನಿಸುತ್ತದೆ.

ನಿಜವಾದ ತಲೆನೋವು ‘ಸ್ಕೀಮಾ’.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಟೂಲ್ ಆದ ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ತೆರೆದರೆ ಎಡಗಡೆ ‘ಸ್ಕೀಮಾಸ್’ ಅಂತ ಒಂದು ಪಟ್ಟಿ. ಅದರ ಕೆಳಗೆ ಇರುವುದು ಡೇಟಾಬೇಸ್‌ಗಳು. ಮೈಎಸ್‌ಕ್ಯೂಎಲ್‌ಗೆ ಎರಡೂ ಒಂದೇ, ‘ಕ್ರಿಯೇಟ್ ಸ್ಕೀಮಾ’ ಅಂದರೂ ‘ಕ್ರಿಯೇಟ್ ಡೇಟಾಬೇಸ್’ ಅಂದರೂ ಅದೇ ಕೆಲಸ. ಅದೇ ಸರ್ವರ್‌ಗೆ ಹೈಡಿಎಸ್‌ಕ್ಯೂಎಲ್ ಅಥವಾ ಪಿಎಚ್‌ಪಿಮೈಅಡ್ಮಿನ್‌ನಿಂದ ಹೋದರೆ ಅದೇ ವಸ್ತು ‘ಡೇಟಾಬೇಸ್’ ಆಗಿರುತ್ತದೆ. ಈಗ ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್ ಕಡೆ ಬನ್ನಿ. ಅದರ ಟೂಲ್ ಪಿಜಿಅಡ್ಮಿನ್‌ನಲ್ಲಿ ಒಂದು ಕೋಷ್ಟಕ ಹುಡುಕಬೇಕಾದರೆ ಸರ್ವರ್, ಅದರೊಳಗೆ ಡೇಟಾಬೇಸ್‌ಗಳು, ಅದರೊಳಗೆ ನಿಮ್ಮ ಡೇಟಾಬೇಸ್, ಅದರೊಳಗೆ ಸ್ಕೀಮಾಗಳು, ಅದರೊಳಗೆ ‘ಪಬ್ಲಿಕ್’, ಅದರೊಳಗೆ ಟೇಬಲ್‌ಗಳು, ಹೀಗೆ ಒಂದೊಂದೇ ಬಾಣದ ಗುರುತು ಒತ್ತುತ್ತಾ ಕೆಳಗಿಳಿಯಬೇಕು. ಇಲ್ಲಿ ಸ್ಕೀಮಾ ಅಂದರೆ ಡೇಟಾಬೇಸ್‌ನ ಒಳಗಿನ ಒಂದು ಕೋಣೆ. ಒರಾಕಲ್‌ನಲ್ಲಿ ಯೂಸರ್ ಒಬ್ಬನನ್ನು ಸೃಷ್ಟಿಸಿದರೆ ಅವನ ಹೆಸರಿನ ಸ್ಕೀಮಾ ತಾನಾಗಿ ಬರುತ್ತದೆ, ಅವನ ಕೋಷ್ಟಕಗಳೆಲ್ಲ ಅಲ್ಲಿರುತ್ತವೆ. ಇನ್ನು ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್‌ನಲ್ಲಿ ‘ಡೇಟಾಬೇಸ್ ಸ್ಟ್ರಕ್ಚರ್’ ಪುಟ ತೆರೆದರೆ ನೇಮ್, ಟೈಪ್, ಸ್ಕೀಮಾ ಅಂತ ಕಂಬಸಾಲುಗಳಿವೆ. ಆ ಸ್ಕೀಮಾ ಕೆಳಗೆ ಏನಿದೆ ಗೊತ್ತಾ? ಕೋಷ್ಟಕವನ್ನು ಕಟ್ಟಿದ ‘ಕ್ರಿಯೇಟ್ ಟೇಬಲ್’ ಹೇಳಿಕೆಯೇ, ಅಕ್ಷರಶಃ. ಅಂದರೆ ಇಲ್ಲಿ ಸ್ಕೀಮಾ ಒಂದು ಜಾಗವಲ್ಲ, ಒಂದು ವಿವರಣೆ.

ಒಂದು ಪದ, ಒಂದು ಕಡೆ ಡೇಟಾಬೇಸ್‌ಗೆ ಇನ್ನೊಂದು ಹೆಸರು, ಒಂದು ಕಡೆ ಒಳಕೋಣೆ, ಒಂದು ಕಡೆ ಯೂಸರ್‌ನ ಆಸ್ತಿ, ಒಂದು ಕಡೆ ನಕ್ಷೆ. ‘ವಿನ್ಯಾಸ’, ‘ರೂಪರೇಖೆ’, ‘ಚೌಕಟ್ಟು’ ಇವೆಲ್ಲ ಕೊನೆಯ ಅರ್ಥಕ್ಕೆ ಹೊಂದುತ್ತವೆ. ಆದರೆ ಪಿಜಿಅಡ್ಮಿನ್ ಬಳಸುವವರಿಗೆ ‘ಪಬ್ಲಿಕ್ ಅನ್ನುವ ರೂಪರೇಖೆಯೊಳಗೆ ಕೋಷ್ಟಕ ಮಾಡಿ’ ಅಂದರೆ ಅವರು ಹುಬ್ಬೇರಿಸುತ್ತಾರೆ. ‘ವಿಭಾಗ’ ಅಂದರೆ ಪೋಸ್ಟ್‌ಗ್ರೆಸ್‌ಗೆ ಸರಿ, ಆದರೆ ಆ ಪದವನ್ನು ಪಾರ್ಟಿಷನ್‌ಗೆ (ದೊಡ್ಡ ಕೋಷ್ಟಕವನ್ನು ತುಂಡು ಮಾಡಿ ಇಡುವುದಕ್ಕೆ) ಉಳಿಸಿಕೊಳ್ಳಬೇಕು.

ಟೂಲ್ ಆರಿಸುವ ವಿಷಯಕ್ಕೂ ಇದು ನೇರವಾಗಿ ತಾಗುತ್ತದೆ. ವರ್ಕ್‌ಬೆಂಚ್‌ನಲ್ಲಿ ಕಲಿತವರು ಪಿಜಿಅಡ್ಮಿನ್‌ಗೆ ಹೋದಾಗ ಮೊದಲು ಎಡವುವುದು ಇಲ್ಲೇ. ಅಲ್ಲಿ ‘ಯೂಸ್’ ಅಂತ ಬರೆದು ಇನ್ನೊಂದು ಡೇಟಾಬೇಸ್‌ಗೆ ಹಾರುತ್ತಿದ್ದವರಿಗೆ ಇಲ್ಲಿ ಆ ಕಮಾಂಡೇ ಇಲ್ಲ, ಒಂದು ಕನೆಕ್ಷನ್ ಒಂದೇ ಡೇಟಾಬೇಸ್‌ಗೆ. ಬೇರೆ ಡೇಟಾಬೇಸ್ ಬೇಕಾದರೆ ಬೇರೆ ಕನೆಕ್ಷನ್. ಹಾಗಾಗಿ ಡೇಟಾಬೇಸ್ ಯಾವುದು ಅಂತ ಮೊದಲು ತೀರ್ಮಾನ ಮಾಡಿ, ಟೂಲ್ ಆಮೇಲೆ ಆರಿಸಿ ಅಂತ ಕೈಪಿಡಿಯಲ್ಲಿ ಬರೆದಿದ್ದೇನೆ. ಮೈಎಸ್‌ಕ್ಯೂಎಲ್ ಒಂದೇ ಸಾಕು, ಕೋಷ್ಟಕಗಳ ಸಂಬಂಧದ ಚಿತ್ರ ಬಿಡಿಸಿ ಅದರಿಂದಲೇ ಡೇಟಾಬೇಸ್ ಹುಟ್ಟಿಸಬೇಕು ಅನ್ನುವವರಿಗೆ ವರ್ಕ್‌ಬೆಂಚ್. ಪೋಸ್ಟ್‌ಗ್ರೆಸ್‌ನ ಒಳಗಿನ ಸೆಟ್ಟಿಂಗ್‌ಗಳೆಲ್ಲ ಕೈಗೆ ಸಿಗಬೇಕಾದರೆ ಪಿಜಿಅಡ್ಮಿನ್. ಎರಡು ಮೂರು ಥರದ ಡೇಟಾಬೇಸ್ ಒಟ್ಟಿಗೆ ನೋಡುವವರಿಗೆ ಡಿಬೀವರ್, ಜಾವಾದಲ್ಲಿ ಬರೆದದ್ದಾದ್ದರಿಂದ ತೆರೆದುಕೊಳ್ಳಲು ಸ್ವಲ್ಪ ಹೊತ್ತು ತಗೊಳ್ಳುತ್ತದೆ, ಮೆಮೊರಿಯೂ ಬೇಕು. ವೆಬ್ ಸರ್ವರ್‌ನಲ್ಲಿ ಒಂದೇ ಪಿಎಚ್‌ಪಿ ಫೈಲ್ ಹಾಕಿ ಕೆಲಸ ಮುಗಿಸಬೇಕಾದರೆ ಅಡ್ಮಿನರ್, ಕೆಲಸ ಮುಗಿದ ಮೇಲೆ ಆ ಫೈಲನ್ನು ಅಲ್ಲೇ ಬಿಟ್ಟು ಬರದಿದ್ದರೆ ಸಾಕು.

ನನ್ನ ಮಟ್ಟಿಗೆ ಸ್ಕೀಮಾವನ್ನು ಸ್ಕೀಮಾ ಅಂತಲೇ ಬಿಡುವುದು ಸರಿ. ಟೂಲ್‌ಗಳೇ ಒಂದು ಅರ್ಥಕ್ಕೆ ನಿಂತಿಲ್ಲದಿರುವಾಗ ನಾವು ಒಂದು ಕನ್ನಡ ಪದ ಕೊಟ್ಟು ಅದಕ್ಕೆ ಗೂಟ ಹೊಡೆದರೆ, ಓದುವವರು ನಾಲ್ಕರಲ್ಲಿ ಮೂರು ಕಡೆ ದಾರಿ ತಪ್ಪುತ್ತಾರೆ. ಒಪ್ಪದವರು ದಯವಿಟ್ಟು ನಾಲ್ಕೂ ಕಡೆ ಕೂರುವ ಒಂದು ಪದ ಕೊಡಿ, ಖುಷಿಯಿಂದ ತಗೊಳ್ಳುತ್ತೇನೆ.

ಆದರೆ ಮುಂದಿನದರಲ್ಲಿ ನನ್ನ ನಿಲುವು ಪೂರ್ತಿ ಉಲ್ಟಾ. ಡಿಲೀಟ್, ಟ್ರಂಕೇಟ್, ಡ್ರಾಪ್. ಇವಕ್ಕೆ ಕನ್ನಡವೇ ಬೇಕು, ಮೂರಕ್ಕೂ ಬೇರೆ ಬೇರೆ ಬೇಕು. ಈಗ ಹೆಚ್ಚಿನವರು ಮೂರಕ್ಕೂ ‘ಅಳಿಸು’ ಅಂತ ಬರೆಯುತ್ತಾರೆ, ಅದು ಅಪಾಯ.

ಎಸ್‌ಕ್ಯೂಎಲ್‌ನಲ್ಲಿ ಡಿಲೀಟ್ ಅಂದರೆ ಸಾಲುಗಳು ಹೋಗುತ್ತವೆ, ಕೋಷ್ಟಕ ಉಳಿಯುತ್ತದೆ, ಯಾವ ಸಾಲು ಅಂತ ಷರತ್ತು ಹಾಕಬಹುದು. ಟ್ರಂಕೇಟ್ ಅಂದರೆ ಎಲ್ಲ ಸಾಲೂ ಒಟ್ಟಿಗೆ ಹೋಗುತ್ತದೆ, ಷರತ್ತಿಗೆ ಜಾಗವಿಲ್ಲ, ಕೋಷ್ಟಕ ಉಳಿಯುತ್ತದೆ. ಡ್ರಾಪ್ ಅಂದರೆ ಕೋಷ್ಟಕವೇ ಹೋಯಿತು. ಕಮಾಂಡ್‌ನಲ್ಲಿ ಇಷ್ಟು ಸ್ಪಷ್ಟವಾಗಿರುವುದನ್ನು ಕೆಲವು ಟೂಲ್‌ಗಳ ಮೆನು ಕಲಸಿಬಿಡುತ್ತದೆ. ಡಿಬೀವರ್‌ನಲ್ಲಿ ಕೋಷ್ಟಕದ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಡಿಲೀಟ್’ ಒತ್ತಿದರೆ ಒಳಗೆ ಓಡುವುದು ಡ್ರಾಪ್. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲೂ ಹಾಗೇ. ಪಿಜಿಅಡ್ಮಿನ್ 4ರ ಹಳೆಯ ಆವೃತ್ತಿಗಳಲ್ಲಿ ‘ಡಿಲೀಟ್/ಡ್ರಾಪ್’ ಅಂತ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು, ಯಾರಿಗೆ ಯಾವ ಹೆಸರು ಇಷ್ಟವೋ ಅದನ್ನು ಓದಿಕೊಳ್ಳಲಿ ಅಂತಲೋ ಏನೋ. ಪಿಎಚ್‌ಪಿಮೈಅಡ್ಮಿನ್ ಇದ್ದುದರಲ್ಲಿ ವಾಸಿ: ಟ್ರಂಕೇಟ್‌ಗೆ ‘ಎಂಪ್ಟಿ’, ಡ್ರಾಪ್‌ಗೆ ‘ಡ್ರಾಪ್’, ಇಡೀ ಡೇಟಾಬೇಸ್ ತೆಗೆಯಲು ಹೊರಟರೆ ‘ಡಿಸ್ಟ್ರಾಯ್’ ಅನ್ನುವ ಪದವನ್ನೇ ದೊಡ್ಡಕ್ಷರದಲ್ಲಿ ಹಾಕಿ ಎಚ್ಚರಿಸುತ್ತದೆ.

ಕನ್ನಡದಲ್ಲಿ ಈ ಭೇದ ಸಲೀಸು. ಹಲಗೆಯ ಮೇಲಿನ ಅಕ್ಷರವನ್ನು ಅಳಿಸುತ್ತೇವೆ, ಹಲಗೆಯನ್ನೇ ಯಾರೂ ‘ಅಳಿಸುವುದಿಲ್ಲ’. ಹಾಗಾಗಿ ನನ್ನ ಸಲಹೆ: ಸಾಲುಗಳನ್ನು ‘ಅಳಿಸು’, ಕೋಷ್ಟಕವನ್ನು ‘ಬರಿದು ಮಾಡು’, ಕೋಷ್ಟಕವನ್ನು ‘ಕಿತ್ತುಹಾಕು’. ‘ತೆಗೆದುಹಾಕು’ ಅಂತಲೂ ಯೋಚಿಸಿದ್ದೆ, ಆದರೆ ಅದನ್ನು ಬೇರೆ ಕಡೆ ರಿಮೂವ್‌ಗೆ ಬಳಸುತ್ತಾರೆ, ಪಟ್ಟಿಯಿಂದ ತೆಗೆದರೆ ಸಾಕು, ವಸ್ತು ಎಲ್ಲೋ ಇರುತ್ತದೆ ಅನ್ನುವ ಭಾವ ಅದಕ್ಕಿದೆ. ಪಿಜಿಅಡ್ಮಿನ್‌ನಲ್ಲಿ ಸರ್ವರ್ ಒಂದನ್ನು ಎಡಗಡೆಯ ಮರದಿಂದ ‘ರಿಮೂವ್’ ಮಾಡಿದರೆ ನಿಜವಾಗಿಯೂ ಸರ್ವರ್‌ಗೆ ಏನೂ ಆಗುವುದಿಲ್ಲ, ಪಟ್ಟಿಯಿಂದ ಹೆಸರು ಹೋಗುತ್ತದೆ, ಅಷ್ಟೇ. ‘ಕಿತ್ತುಹಾಕು’ ಕೇಳಿದಾಗ ಬೇರು ಸಮೇತ ಅಂತ ತಾನಾಗಿ ಹೊಳೆಯುತ್ತದೆ ಅಲ್ವಾ? ಒರಟು ಅನಿಸಿದರೆ ಅನಿಸಲಿ, ಕೆಲಸವೂ ಒರಟೇ. ಮೈಎಸ್‌ಕ್ಯೂಎಲ್‌ನಲ್ಲಂತೂ ಡ್ರಾಪ್ ಆದಮೇಲೆ ರೋಲ್‌ಬ್ಯಾಕ್ (ಮಾಡಿದ್ದನ್ನು ರದ್ದು ಮಾಡುವ ಕಮಾಂಡ್) ಅಂದರೂ ವಾಪಸ್ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ (ಒಟ್ಟಿಗೆ ಆಗಬೇಕಾದ ಬದಲಾವಣೆಗಳ ಕಟ್ಟು) ಮುಗಿಯುವ ಮುಂಚೆ ಬರುತ್ತದೆ.

ಇದೇ ಎಳೆಯಲ್ಲಿ ‘ಸೇವ್’ ಮತ್ತು ‘ಕಮಿಟ್’. ಸೇವ್‌ಗೆ ‘ಉಳಿಸು’ ಎಲ್ಲ ಕಡೆ ನೆಲೆಯಾಗಿದೆ, ಅದನ್ನು ಮುಟ್ಟುವುದು ಬೇಡ. ಕಮಿಟ್‌ಗೂ ‘ಉಳಿಸು’ ಅಂದರೆ ಕೆಡುತ್ತದೆ. ಡಿಬೀವರ್‌ನಲ್ಲಿ ಒಂದು ಚೌಕದಲ್ಲಿ ಬೆಲೆ (ವ್ಯಾಲ್ಯೂ) ತಿದ್ದಿದರೆ ಆ ಚೌಕಕ್ಕೆ ಬಣ್ಣ ಬರುತ್ತದೆ, ಕೆಳಗೆ ಸೇವ್ ಒತ್ತುವವರೆಗೆ ಅದು ನಿಮ್ಮ ಪರದೆಯಲ್ಲಷ್ಟೇ ಇರುತ್ತದೆ. ಒತ್ತಿದರೆ ಸರ್ವರ್‌ಗೆ ಹೋಗುತ್ತದೆ. ಆದರೆ ಕನೆಕ್ಷನ್ ಮ್ಯಾನುಯಲ್ ಕಮಿಟ್‌ನಲ್ಲಿದ್ದರೆ (ಕಮಿಟ್ ತಾನಾಗಿ ಆಗದಂತೆ ಇಟ್ಟಿದ್ದರೆ) ಹೋದದ್ದೂ ಇನ್ನೂ ಗಟ್ಟಿಯಲ್ಲ, ಮೇಲಿನ ಕಮಿಟ್ ಗುಂಡಿ ಒತ್ತಬೇಕು. ಸೇವ್ ಒತ್ತಿ ಎದ್ದು ಹೋದವರ ಬದಲಾವಣೆ ಪಕ್ಕದವರಿಗೆ ಕಾಣಿಸದೆ ಇರುವುದು ಇದಕ್ಕೇ. ಡಿಬಿ ಬ್ರೌಸರ್‌ನಲ್ಲಿ ಅದೇ ಗುಂಡಿಯ ಹೆಸರು ‘ರೈಟ್ ಚೇಂಜಸ್’. ಹೈಡಿಎಸ್‌ಕ್ಯೂಎಲ್‌ನಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋದರೆ ಸಾಕು, ಹಿಂದಿನದು ತಾನಾಗಿ ಬರೆದುಹೋಗುತ್ತದೆ. ಟೂಲ್ ಆರಿಸುವವರು ಬಣ್ಣ, ಐಕಾನ್ ನೋಡುವುದಕ್ಕಿಂತ ಇದನ್ನು ನೋಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಮಿಟ್‌ಗೆ ‘ಖಾಯಂ ಮಾಡು’ ಅಂತ ಹಾಕಿದ್ದೇನೆ. ‘ಬದ್ಧವಾಗು’ ಅಂತ ಎಲ್ಲೋ ಓದಿದೆ, ಅದು ಮನುಷ್ಯರ ಕಮಿಟ್‌ಮೆಂಟ್, ಇಲ್ಲಿ ನಡೆಯುವುದಿಲ್ಲ.

‘ನಲ್’ಗೆ ‘ಶೂನ್ಯ’ ಬೇಡ ಅನ್ನುವುದರಲ್ಲಿ ಎಲ್ಲರೂ ಒಂದಾಗಬಹುದು. ಶೂನ್ಯ ಗಣದಲ್ಲಿ ಆ ಪದ ಸರಿ, ಆದರೆ ಇಲ್ಲಿ ಸೊನ್ನೆಯೂ ಒಂದು ಬೆಲೆ, ನಲ್ ಅಂದರೆ ಬೆಲೆಯೇ ಇಲ್ಲ. ‘ಖಾಲಿ’ಯೂ ಆಗುವುದಿಲ್ಲ, ಏನೂ ಬರೆಯದ ಪಠ್ಯ ಬೇರೆ, ನಲ್ ಬೇರೆ. ಹಾಗಂತ ಒರಾಕಲ್ ಖಾಲಿ ಪಠ್ಯವನ್ನು ನಲ್ ಅಂತಲೇ ತಿಳಿಯುತ್ತದೆ, ಅದರ ಜೊತೆ ಜಗಳ ಆಡಿ ಪ್ರಯೋಜನವಿಲ್ಲ. ಹೇಗಿದ್ದರೂ ಟೂಲ್‌ಗಳು ಆ ಚೌಕದಲ್ಲಿ ‘ನಲ್’ ಅಂತಲೇ ಮಸುಕು ಅಕ್ಷರದಲ್ಲಿ ತೋರಿಸುವುದರಿಂದ ಅದನ್ನೇ ಬಿಟ್ಟಿದ್ದೇನೆ. ‘ಕ್ವೆರಿ’ಯೂ (ಡೇಟಾಬೇಸ್‌ಗೆ ಬರೆದು ಕಳಿಸುವ ಹೇಳಿಕೆ) ಹಾಗೇ. ‘ಪ್ರಶ್ನೆ’ ಅನ್ನೋಣ ಅಂದರೆ ಅಪ್ಡೇಟ್ ಮಾಡುವುದಕ್ಕೂ ಕ್ವೆರಿ ಅನ್ನುತ್ತಾರೆ, ಅಲ್ಲಿ ಯಾರು ಯಾರನ್ನು ಏನು ಕೇಳಿದ ಹಾಗಾಯಿತು?

ಕೊನೆಗೆ ಉಳಿದದ್ದು ‘ಡಂಪ್’, ಅಂದರೆ ಡೇಟಾಬೇಸನ್ನು ಅದರ ರಚನೆ ಸಮೇತ ಫೈಲಿಗೆ ಬರೆದುಕೊಳ್ಳುವುದು. ಪಿಜಿಅಡ್ಮಿನ್‌ನಲ್ಲಿ ‘ಬ್ಯಾಕಪ್’ ಒತ್ತಿದರೆ ಹಿಂದೆ ಓಡುವುದು ಪಿಜಿ ಡಂಪ್ ಅನ್ನುವ ಬೇರೊಂದು ಪ್ರೋಗ್ರಾಂ. ಸಿಎಸ್‌ವಿಗೆ (ಅಲ್ಪವಿರಾಮ ಹಾಕಿ ಬೆಲೆಗಳನ್ನು ಬರೆದಿಡುವ ಸಾದಾ ಫೈಲ್‌ಗೆ) ‘ಎಕ್ಸ್‌ಪೋರ್ಟ್’ ಮಾಡುವುದು ಇದಲ್ಲ, ಅದರಲ್ಲಿ ಬರೀ ಸಾಲುಗಳು ಬರುತ್ತವೆ, ಕೀಲಿಗಳು, ನಿರ್ಬಂಧಗಳು, ಇಂಡೆಕ್ಸ್‌ಗಳು ಬರುವುದಿಲ್ಲ. ಸಿಎಸ್‌ವಿ ತೆಗೆದಿಟ್ಟು ಬ್ಯಾಕಪ್ ಆಯಿತು ಅಂದುಕೊಳ್ಳುವವರು ಕಡಿಮೆ ಇಲ್ಲ. ಬ್ಯಾಕಪ್‌ಗೆ ‘ಮೀಸಲು ಪ್ರತಿ’, ಎಕ್ಸ್‌ಪೋರ್ಟ್‌ಗೆ ‘ಹೊರತೆಗೆ’ ಅಂತ ಬರೆದಿದ್ದೇನೆ. ಡಂಪ್‌ಗೆ ಪದವೇ ಸಿಕ್ಕಿಲ್ಲ. ‘ಸುರಿ’ ಅಂದರೆ ಎಸೆದ ಹಾಗೆ ಕೇಳಿಸುತ್ತದೆ, ‘ಪೂರ್ತಿ ಇಳಿಸು’ ಅಂದರೆ ಡೌನ್‌ಲೋಡ್ ಜೊತೆ ಸೇರಿಹೋಗುತ್ತದೆ.

ಡಂಪ್‌ಗೊಂದು ಪದ, ‘ಪುಕ್ಕಟೆ’ ಇರಲೋ ಬೇಡವೋ, ‘ಕಿತ್ತುಹಾಕು’ ಬಗ್ಗೆ ತಕರಾರು ಇದ್ದರೆ ಅದು, ಇಷ್ಟಕ್ಕೆ ಉತ್ತರಿಸಿದರೆ ಉಪಕಾರ. ನೀವು ಈ ಟೂಲ್‌ಗಳನ್ನು ದಿನಾ ಬಳಸುವವರಾದರೆ ಪಕ್ಕದವರ ಜೊತೆ ಮಾತಾಡುವಾಗ ಬಾಯಿಗೆ ಬರುವ ಪದವನ್ನೇ ಬರೆಯಿರಿ, ನಿಘಂಟು ನೋಡಿ ಬರೆಯುವುದು ಬೇಡ.