ಹೆಂಡತಿ ತಲೆ ಮೇಲೆ ವೈಕಿಂಗ್ ಜಡೆ: ಉಬ್ಬು ನಿಲ್ಲುತ್ತಲೇ ಇಲ್ಲ

ಜಡೆಗಂಡ:
ಬೆಂಗಳೂರಿನ ಕಾಮಿಕ್ ಕಾನ್‌ಗೆ (ಕಾಮಿಕ್ಸ್ ಅಭಿಮಾನಿಗಳ ಮೇಳ) ನನ್ನ ಹೆಂಡತಿ ವೈಕಿಂಗ್ ಯೋಧೆಯ ವೇಷ ಹಾಕುತ್ತಾಳೆ, ಕೂದಲಿನ ಕೆಲಸ ನನ್ನದು. ಎರಡು ಬದಿಗೆ ತಲೆಗೆ ಅಂಟಿದ ಜಡೆ, ನಡುವೆ ನೆತ್ತಿ ಮೇಲೆ ಬ್ಯಾಕ್‌ಕೋಂಬ್ ಮಾಡಿದ, ಅಂದರೆ ಬುಡದ ಕಡೆಗೆ ಉಲ್ಟಾ ಬಾಚಿದ ಉಬ್ಬು. ಮೂರು ಭಾನುವಾರ ಅಭ್ಯಾಸ ಆಯ್ತು. ಜಡೆ ಪರವಾಗಿಲ್ಲ, ಆದರೆ ಉಬ್ಬು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಚಪ್ಪಟೆ. ತಲೆಸ್ನಾನ ಮಾಡಿದ ದಿನವೇ ಕೂರಿಸುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಬಣ್ಣದಮನೆ:
ಅಲ್ಲೇ ತಪ್ಪಿದ್ದು! ಆಗಷ್ಟೇ ತೊಳೆದ ಕೂದಲು ಜಾರುತ್ತದೆ. ತೊಳೆದ ಮರುದಿನ ಮಾಡಿ, ಎಣ್ಣೆ ಮಾತ್ರ ಬೇಡ. ಒಂದು ಇಂಚು ದಪ್ಪದ ಎಳೆ ಹಿಡಿದು, ನೇರ ಮೇಲಕ್ಕೆ ಎಳೆದು, ನಡುವಿನಿಂದ ಬುಡದ ಕಡೆಗೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ತಳ್ಳಿ. ಬುಡದಲ್ಲಿ ಪುಟ್ಟ ಗುಬ್ಬಿ ಗೂಡಿನ ಹಾಗೆ ಕೂತರೆ ಸರಿ. ಅಲ್ಲಿಗೇ ಹೇರ್ ಸ್ಪ್ರೇ. ಮೇಲಿನ ಒಂದು ಪದರ ಹಾಗೇ ಬಿಟ್ಟು, ಅದನ್ನು ಗೂಡಿನ ಮೇಲೆ ಹಗುರವಾಗಿ ಬಾಚಿ ಮುಚ್ಚಿ.

ಸಿಕ್ಕುಸಿಕ್ಕು:
ಬದಿಯ ಜಡೆ ಮೊದಲು, ಉಬ್ಬು ಆಮೇಲೆ. ಎಳೆಗಳನ್ನು ಒಂದರ ಮೇಲೊಂದು ಹಾಕುವ ಬದಲು ಕೆಳಗಿನಿಂದ ತಂದರೆ ಜಡೆ ಎದ್ದು ಕಾಣುತ್ತದೆ. ಬಿಚ್ಚುವಾಗ ದಯವಿಟ್ಟು ಬುಡದಿಂದ ಎಳೆಯಬೇಡಿ, ಕಂಡೀಷನರ್ ಹಚ್ಚಿ ತುದಿಯಿಂದ ಶುರು ಮಾಡಿ. ನನ್ನ ಗಂಡ ಒಮ್ಮೆ ಸುಮ್ನೆ ಎಳೆದುಬಿಟ್ಟ, ಆ ರಾತ್ರಿ ಅಡುಗೆ ಅವನದೇ.

ಜಡೆಗಂಡ:
ಗುಬ್ಬಿ ಗೂಡು ಕೂತಿತು! ನಾಲ್ಕು ಗಂಟೆ ಆದರೂ ಅಲುಗಿಲ್ಲ. ಈಗ ಬಿಚ್ಚಬೇಕು, ಅವಳು ಕಂಡೀಷನರ್ ಬಾಟಲಿ ಹಿಡಿದೇ ಕೂತಿದ್ದಾಳೆ.