ಗಾರ್ಮೆಂಟ್ಸ್‌ನಲ್ಲಿ ರಾಜೀನಾಮೆ ಬರೆದುಕೊಡಿ ಅಂತಿದ್ದಾರೆ, ಸಹಿ ಹಾಕಬೇಕಾ? (ಹಾಸನ)

ಕಾಲರ್ ಟೈಲರ್, ಹಾಸನ:

ಎಲ್ಲರಿಗೂ ನಮಸ್ಕಾರ. ಹಾಸನದ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಟೈಲರ್. ಸೇರಿ ಒಂಬತ್ತು ವರ್ಷ ಏಳು ತಿಂಗಳಾಯಿತು. ಹೆಲ್ಪರ್ ಆಗಿ ಸೇರಿದವಳು. ದಿನವಿಡೀ ದಾರ ಕತ್ತರಿಸಿ, ಊಟದ ಬಿಡುವಿನಲ್ಲಿ ಖಾಲಿ ಮೆಷಿನ್ ಮೇಲೆ ಕೂತು ಹೊಲಿಗೆ ಕಲಿತೆ. ಈಗ ಸಿಂಗಲ್ ನೀಡಲ್, ಓವರ್‌ಲಾಕ್ ಎರಡೂ ಬರುತ್ತದೆ. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ಅದು ಲೈನ್‌ನಲ್ಲಿ ಎಲ್ಲರಿಗೂ ಕೊಡುವ ಕೆಲಸವಲ್ಲ.

ಅಮೆರಿಕದವರು 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿನ ಮೇಲೆ ಸುಂಕ 50%ಕ್ಕೆ ಏರಿಸಿದರಲ್ಲ, ಆವಾಗಲೇ ನಮ್ಮಲ್ಲಿ ಓವರ್‌ಟೈಮ್ ನಿಂತಿತು. ಆಮೇಲೆ ಆರ್ಡರ್ ಸುಧಾರಿಸುತ್ತದೆ ಅಂತ ಹೇಳುತ್ತಲೇ ಬಂದರು. ಈಗ ಎರಡು ಲೈನ್ ಪೂರ್ತಿ ನಿಲ್ಲಿಸಿದ್ದಾರೆ. ಅದರಲ್ಲಿ ನಮ್ಮದೂ ಒಂದು.

ಶನಿವಾರ ಎಚ್‌ಆರ್ ರೂಮಿಗೆ ಒಬ್ಬೊಬ್ಬರನ್ನೇ ಕರೆದರು. ಟೇಬಲ್ ಮೇಲೆ ಟೈಪ್ ಮಾಡಿದ ಕಾಗದಗಳ ಕಟ್ಟು ಇತ್ತು. ಹೆಸರು, ಟೋಕನ್ ನಂಬರ್, ಸಹಿಗೆ ಮಾತ್ರ ಜಾಗ ಬಿಟ್ಟಿದ್ದರು. ಇಂಗ್ಲಿಷಿನಲ್ಲಿತ್ತು. ನಿಧಾನವಾಗಿ ಓದಿಕೊಂಡೆ. ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ, ನನ್ನದು ಯಾವ ಬಾಕಿಯೂ ಇಲ್ಲ ಅಂತ ಬರೆದಿತ್ತು. ಈ ವಾರ ಸಹಿ ಹಾಕಿದರೆ ಒಂದು ತಿಂಗಳ ಸಂಬಳ ಜಾಸ್ತಿ ಕೊಡುತ್ತೇವೆ, ಇಲ್ಲದಿದ್ದರೆ ಬೆಂಗಳೂರಿನ ಯೂನಿಟ್‌ಗೆ ಹಾಕುತ್ತೇವೆ ಅಂದರು. ನನ್ನ ಪಕ್ಕದ ಮೆಷಿನ್‌ನವಳು ಅಳುತ್ತಲೇ ಸಹಿ ಹಾಕಿಬಿಟ್ಟಳು. ಮನೆಯವರನ್ನು ಕೇಳಿ ಹೇಳುತ್ತೇನೆ ಅಂತ ನಾನು ಎದ್ದು ಬಂದೆ.

ಬೇಸಿಕ್, ಡಿಎ ಸೇರಿ 13,000 ಸಂಬಳ. ಮನೆಯವರದು ಸೆಂಟ್ರಿಂಗ್ ಕೆಲಸ, ಮಳೆ ಹಿಡಿದರೆ ಅದೂ ಇಲ್ಲ. ಮಗಳು ಮೊದಲ ಪಿಯುಸಿ. ಸಂಘದ ಕಂತು ವಾರ ವಾರ ಕಟ್ಟಲೇಬೇಕು. ಬೆಂಗಳೂರಿಗೆ ಹೋಗಿ ಇರುವುದು ಆಗದ ಮಾತು.

ಸಹಿ ಹಾಕಲೋ ಬೇಡವೋ? ಪಿಎಫ್ ಎಲ್ಲ ತೆಗೆದುಬಿಡಲಾ? ಹಾಸನದಲ್ಲೇ, ಇಲ್ಲ ಚಿಕ್ಕಮಗಳೂರು ಕಡೆ ಬೇರೆ ಕೆಲಸ ಹೇಗೆ ಹುಡುಕುವುದು? ಅತ್ತೆಗೆ ಇನ್ನೂ ಹೇಳಿಲ್ಲ. ಬೆಳಗ್ಗೆ ಕಂಪನಿ ಗಾಡಿ ಬೀದಿ ತುದಿಗೆ ಬಂದು ಹಾರ್ನ್ ಹೊಡೆಯುವ ಹೊತ್ತಿಗೆ ನಾನು ಮನೆಯಲ್ಲೇ ಇದ್ದರೆ ಅಕ್ಕಪಕ್ಕದವರು ಏನು ಕೇಳುತ್ತಾರೋ ಅಂತ ಯೋಚಿಸಿ ಯೋಚಿಸಿ ನಿದ್ದೆಯೇ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಬಿ.ಎಂ. ರೋಡ್:

ಮೇಡಂ, ನಿಮಗೆ ಬೇಜಾರಾಗಬಹುದು, ಆದರೂ ನನಗನಿಸಿದ್ದು ಹೇಳುತ್ತೇನೆ. ಸಹಿ ಹಾಕಿ, ದುಡ್ಡು ತಗೊಂಡು ಹೊರಗೆ ಬನ್ನಿ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಗ ಹೀಗೇ ಆಯಿತು. ಜಗಳಕ್ಕೆ ನಿಂತವರಿಗೆ ಎಕ್ಸ್‌ಪೀರಿಯನ್ಸ್ ಲೆಟರ್‌ಗೂ ಅಲೆದಾಡಿಸಿದರು. ಕೇಸು ಅಂತ ಹೋದರೆ ವರ್ಷಗಟ್ಟಲೆ ಎಳೆಯುತ್ತದೆ. ಕಾಲರ್ ಕೂರಿಸುವ ಕೈಗೆ ಬೇರೆ ಕಡೆ ಕೆಲಸ ಸಿಕ್ಕೇ ಸಿಗುತ್ತದೆ.

ಸಂಬಳದ ಲೆಕ್ಕ, ಅರಸೀಕೆರೆ:

ತಂಗಿ, ಸಹಿ ಹಾಕಬೇಡಮ್ಮ. ಕಾರ್ಖಾನೆಗಳಲ್ಲಿ ಸಂಬಳ, ಪಿಎಫ್ ಲೆಕ್ಕ ಬರೆದೇ ನಿವೃತ್ತಿ ಆದವನು ನಾನು. ಮೇಲಿನವರು ಹೇಳಿದ ಕಷ್ಟ ಸುಳ್ಳಲ್ಲ. ಆದರೆ ಆ ಸಹಿಯ ಬೆಲೆ ಎಷ್ಟು ಅಂತ ಮೊದಲು ನೋಡು, ಆಮೇಲೆ ನಿನ್ನ ಇಷ್ಟ.

ಅವರಾಗಿ ತೆಗೆದರೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಆರು ತಿಂಗಳು ದಾಟಿದ್ದನ್ನು ಒಂದು ವರ್ಷ ಅಂತ ಹಿಡಿಯುತ್ತಾರೆ. ಹಾಗಾಗಿ ನಿನ್ನದು ಹತ್ತು ವರ್ಷ. ವರ್ಷಕ್ಕೆ 6,500ರ ಹಾಗೆ 65,000 ಆಯಿತು. ಇದರ ಜೊತೆ, ಮೊದಲೇ ನೋಟಿಸ್ ಕೊಡದೆ ತೆಗೆದರೆ ಅದರ ಬದಲು ನೋಟಿಸ್ ಸಂಬಳ. ಸಣ್ಣ ಕಾರ್ಖಾನೆಗೆ ಒಂದು ತಿಂಗಳದು. 300 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೂರು ತಿಂಗಳು, ಅಂದರೆ 39,000. ಎರಡೂ ಸೇರಿ ಒಂದು ಲಕ್ಷದ ಮೇಲಾಯಿತು. ಅವರು ಕೊಡುತ್ತೇವೆ ಅಂತಿರುವುದು 13,000.

ಪರಿಹಾರದ ಈ ಲೆಕ್ಕ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಇನ್ನೊಂದು ವಿಷಯ. 300 ಜನ ಇರುವ ಕಾರ್ಖಾನೆ ಆಳು ತೆಗೆಯಬೇಕಾದರೆ ಮೊದಲು ಸರ್ಕಾರದ ಅನುಮತಿ ಪಡೆಯಬೇಕು. ನೀವೇ ಬರೆದುಕೊಟ್ಟರೆ ಅನುಮತಿಯೂ ಬೇಡ, ಪರಿಹಾರವೂ ಬೇಡ. ಆ ಕಾಗದದ ಕಟ್ಟು ಟೇಬಲ್ ಮೇಲೆ ಬಂದಿದ್ದು ಅದಕ್ಕೇ.

ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷ ದುಡಿದಿದ್ದಕ್ಕೆ ಕೆಲಸ ಬಿಡುವಾಗ ಕಂಪನಿ ಕೊಡುವ ದುಡ್ಡು, ಬೇರೆ ಲೆಕ್ಕ. ಐದು ವರ್ಷ ದಾಟಿದವರಿಗೆ ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದರೂ ಬರುತ್ತದೆ. 13,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ 7,500. ಹತ್ತು ವರ್ಷಕ್ಕೆ 75,000. ಮೂವತ್ತು ದಿನದೊಳಗೆ ಕೊಡಬೇಕು. 'ಸಹಿ ಹಾಕಿದರೆ ಗ್ರಾಚ್ಯುಟಿ ಕೊಡುತ್ತೇವೆ' ಅಂದರೆ ನಂಬಬೇಡ, ಅದು ಹೇಗೂ ನಿನ್ನದೇ ದುಡ್ಡು. ಯಾವ ಬಾಕಿಯೂ ಇಲ್ಲ ಅನ್ನುವ ಸಾಲು ಇರುವ ಕಾಗದಕ್ಕೆ ದುಡ್ಡು ಕೈಗೆ ಬರುವ ಮೊದಲು ಯಾವತ್ತೂ ಸಹಿ ಹಾಕಬಾರದು.

ವರ್ಗಾವಣೆ ವಿಷಯ ಹುಷಾರು. ಆರ್ಡರ್ ಕೊಟ್ಟರೆ ತಗೋ, ಬೇಡ ಅನ್ನಬೇಡ. ಯಾಕೆ ಹೋಗುವುದಕ್ಕೆ ಆಗುವುದಿಲ್ಲ ಅಂತ ಕನ್ನಡದಲ್ಲೇ ಒಂದು ಪುಟ ಬರೆದು ಕೊಡು. ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೋ. ಸುಮ್ನೆ ಮನೆಯಲ್ಲಿ ಕೂತರೆ ಹೇಳದೆ ಕೇಳದೆ ಗೈರುಹಾಜರಿ ಅಂತ ಬರೆದುಕೊಳ್ಳುತ್ತಾರೆ. ಗೇಟಿಗೆ ಹೋಗು, ಒಳಗೆ ಬಿಡದಿದ್ದರೆ ಅದನ್ನೂ ಅದೇ ದಿನ ಬರೆದು ಕಳಿಸು.

ಈ ಪತ್ರಗಳ ನಕಲು ತಗೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಒಬ್ಬಳೇ ಹೋಗಬೇಡ, ಸಹಿ ಹಾಕದವರೆಲ್ಲ ಸೇರಿ ಹೋಗಿ. ವಕೀಲರ ಖರ್ಚಿಗೆ ಹೆದರಬೇಡ. ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಪಿಎಫ್‌ನಲ್ಲಿ ಎರಡು ಭಾಗ. ಒಂದು ನಿನ್ನ ಉಳಿತಾಯ, ಇನ್ನೊಂದು ಪಿಂಚಣಿಯದು. ಉಳಿತಾಯದಲ್ಲಿ ತೀರಾ ಬೇಕಾದಷ್ಟು ಮಾತ್ರ ತೆಗಿ. ಪಿಂಚಣಿ ಭಾಗ ಮುಟ್ಟಲೇಬೇಡ. ಹತ್ತು ವರ್ಷದ ಸೇವೆ ಇದ್ದರೆ ವಯಸ್ಸಾದ ಮೇಲೆ ತಿಂಗಳ ಪಿಂಚಣಿ ಬರುತ್ತದೆ. ನೀನು ಅದರ ಹೊಸ್ತಿಲಲ್ಲೇ ಇದ್ದೀಯ. ಮುಂದಿನ ಕಂಪನಿಗೆ ಅದೇ ಯುಎಎನ್ (ಪಿಎಫ್ ಖಾತೆಯ) ನಂಬರ್ ಕೊಡು, ಸೇವೆ ಮುಂದುವರಿಯುತ್ತದೆ.

ಇಎಸ್‌ಐ (ಕಾರ್ಮಿಕರ ವಿಮೆ) ಇದ್ದವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಇದೆ. ಕೆಲಸ ಹೋದವರಿಗೆ ದಿನದ ಸರಾಸರಿ ದುಡಿಮೆಯ ಅರ್ಧದಷ್ಟು, 90 ದಿನದವರೆಗೆ, ಜೀವನದಲ್ಲಿ ಒಂದು ಸಲ. ನಿನಗೆ ಅಂದಾಜು ಹತ್ತೊಂಬತ್ತು ಸಾವಿರ ಆಗಬಹುದು. ಎರಡು ವರ್ಷ ಇಎಸ್‌ಐ ಕಟ್ಟಿರಬೇಕು. ದುರ್ನಡತೆ ಅಂತ ತೆಗೆದರೆ ಸಿಗುವುದಿಲ್ಲ, ಗೈರುಹಾಜರಿ ಬೇಡ ಅಂದಿದ್ದು ಇದಕ್ಕೂ ಸೇರಿ. ಈ ಯೋಜನೆಯನ್ನು ಅವಧಿ ಮುಗಿದ ಹಾಗೆ ಮುಂದುವರಿಸುತ್ತಾ ಬಂದಿದ್ದಾರೆ. ಹಾಗಾಗಿ ಶಾಖಾ ಕಚೇರಿಯಲ್ಲಿ ಈಗಿನ ಸ್ಥಿತಿ ಕೇಳಿಕೋ. ಇಎಸ್‌ಐ ಆಸ್ಪತ್ರೆ ಸೌಲಭ್ಯ ಕೆಲಸ ಹೋದ ಮಾರನೇ ದಿನವೇ ನಿಲ್ಲುವುದಿಲ್ಲ, ಕಾರ್ಡ್ ಜೋಪಾನ.

ಕಾಫಿ ಸೀಮೆ, ಚಿಕ್ಕಮಗಳೂರು:

ಅಕ್ಕಾ, ನಾನೂ ಗಾರ್ಮೆಂಟ್ಸ್‌ನಲ್ಲಿದ್ದವಳೇ, ಫಿನಿಶಿಂಗ್‌ನಲ್ಲಿ. ಕೆಲಸ ಹೋದಾಗ ನಮ್ಮ ಲೈನ್‌ನವರು ಯಾರೂ ಕೇಳಲಿಲ್ಲ, ಎಲ್ಲರೂ ಸಹಿ ಹಾಕಿ ಬಂದೆವು. ಅಣ್ಣ ಮೇಲೆ ಹೇಳಿದ್ದನ್ನು ಆವಾಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಕೆಲಸದ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಚಿಕ್ಕಮಗಳೂರಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜ ಆರಿಸುವುದಕ್ಕೆ ಹೆಂಗಸರನ್ನು ತಗೊಳ್ಳುತ್ತಾರೆ. ನಾನು ಈಗ ಅದರಲ್ಲೇ ಇದ್ದೇನೆ. ಕರಿ ಬೀಜ, ಒಡೆದ ಬೀಜ, ಹುಳ ಕೊರೆದ ಬೀಜ ಬೇರೆ ಮಾಡಬೇಕು. ಕಣ್ಣು ಚುರುಕಿರಬೇಕು, ಬೆನ್ನು ನೋಯುತ್ತದೆ, ಆದರೆ ಟಾರ್ಗೆಟ್ ಆಗಲಿಲ್ಲ ಅಂತ ತಲೆ ಮೇಲೆ ನಿಂತು ಕೂಗುವವರಿಲ್ಲ. ಒಂದೇ ಕಷ್ಟ ಅಂದರೆ ಇದು ಸೀಸನ್ ಕೆಲಸ. ತೋಟದಲ್ಲಿ ಕುಯ್ಲು ನವೆಂಬರ್ ಹೊತ್ತಿಗೆ ಅರೇಬಿಕಾದಿಂದ ಶುರುವಾಗುತ್ತದೆ, ರೊಬಸ್ಟಾ ಆಮೇಲೆ. ಕುಯ್ಲು ಮುಗಿದು ಕಾಫಿ ವರ್ಕ್ಸ್‌ಗೆ ಬಂದ ಮೇಲೆ ನಮಗೆ ಕೈ ತುಂಬಾ ಕೆಲಸ. ಮಳೆಗಾಲದಲ್ಲಿ ಕಮ್ಮಿ. ನಿಮ್ಮ ಮನೆಯವರಿಗೂ ಮಳೆಗಾಲದಲ್ಲಿ ಕೆಲಸ ಇಲ್ಲ ಅಂದಿರಿ, ಇಬ್ಬರದೂ ಒಟ್ಟಿಗೆ ನಿಂತರೆ ಮನೆ ನಡೆಸುವುದು ಕಷ್ಟ. ಅದಕ್ಕೇ ನಿಮಗೆ ಇದನ್ನು ಮೊದಲ ಆಯ್ಕೆ ಅಂತ ಹೇಳಲಾರೆ. ಮೆಷಿನ್ ಗೊತ್ತಿರುವ ನೀವು ಮೆಷಿನ್ ಬಿಟ್ಟು ಬರಬೇಡಿ.

ಬೇರೆ ಗಾರ್ಮೆಂಟ್ಸ್‌ಗೆ ಹೋದಾಗ 'ಟೈಲರ್ ಕೆಲಸ ಇದೆಯಾ' ಅಂತ ಗೇಟಿನಲ್ಲಿ ಕೇಳಿದರೆ ಸೆಕ್ಯುರಿಟಿಯವರು ಇಲ್ಲ ಅಂದುಬಿಡುತ್ತಾರೆ. ಕಾಲರ್ ಆಪರೇಟರ್, ಓವರ್‌ಲಾಕ್ ಕೂಡ ಬರುತ್ತದೆ, ಟ್ರಯಲ್ ಕೊಡಿ ಅಂತ ಕೇಳಿ. ಮೆಷಿನ್ ಮೇಲೆ ಕೂರಿಸಿದರೆ ಅರ್ಧ ಗೆದ್ದ ಹಾಗೆ. ಹೊಸಬರ ಸಂಬಳಕ್ಕೆ ಒಪ್ಪಿಕೊಳ್ಳಬೇಡಿ, ನಿಮ್ಮ ಕೊನೆಯ ಪೇ ಸ್ಲಿಪ್ ತೋರಿಸಿ. ಸ್ಯಾಂಪಲ್ ಟೈಲರ್ ಬೇಕಾ ಅಂತಲೂ ಕೇಳಿ, ಇಡೀ ಶರ್ಟ್ ಹೊಲಿಯಲು ಬಂದರೆ ಅದರಲ್ಲಿ ಸಂಬಳ ಜಾಸ್ತಿ. ಬಸ್ಸಿಗೆ ಶಕ್ತಿ ಯೋಜನೆ ಇದೆ, ಆಧಾರ್ ಹಿಡಿದು ಚನ್ನರಾಯಪಟ್ಟಣ, ಮೈಸೂರು ಎಲ್ಲ ಕಡೆ ವಿಚಾರಿಸಿಕೊಂಡು ಬನ್ನಿ, ಕೈಯಿಂದ ದುಡ್ಡು ಹೋಗುವುದಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ಉದ್ಯೋಗ ಮೇಳ ಇದ್ದಾಗ ಗೊತ್ತಾಗುತ್ತದೆ. ಕೆಲಸ ಕೊಡಿಸುತ್ತೇನೆ, ಮೊದಲು ದುಡ್ಡು ಕೊಡಿ ಅನ್ನುವವರ ಹತ್ತಿರ ಹೋಗಲೇಬೇಡಿ.

ಅತ್ತೆಗೆ ಇವತ್ತೇ ಹೇಳಿಬಿಡಿ ಅಕ್ಕಾ. ನಾನು ಮುಚ್ಚಿಟ್ಟು, ದಿನಾ ಡಬ್ಬಿ ಕಟ್ಟಿಕೊಂಡು ತಂಗಿ ಮನೆಗೆ ಹೋಗಿ ಕೂರುತ್ತಿದ್ದೆ. ಕೆಲಸ ಹೋಗಿದ್ದಕ್ಕಿಂತ ಅದೇ ನನ್ನನ್ನು ಜಾಸ್ತಿ ಹಿಂಡಿತು. ಹೇಳಿದ ದಿನ ನಮ್ಮತ್ತೆ ಮೊದಲು ಕೇಳಿದ್ದು, ಊಟ ಮಾಡಿದ್ಯಾ ಅಂತ.

ಹೊಲಿಗೆ ಅಂಗಡಿ, ಬೇಲೂರು:

ಮನೆಯಲ್ಲೇ ಹೊಲಿಯುವ ಯೋಚನೆ ಇದ್ದರೆ ಒಂದು ಮಾತು. ಶರ್ಟಿನ ಕಾಲರ್ ಬೇರೆ, ಬ್ಲೌಸ್ ಬೇರೆ. ಲೈನ್‌ನಲ್ಲಿ ಕಟಿಂಗ್ ಆಗಿ ಬಂದಿದ್ದನ್ನು ಹೊಲಿದವರಿಗೆ ಅಳತೆ ತಗೊಂಡು ಕತ್ತರಿಸುವುದು ಹೊಸದಾಗಿ ಕಲಿಯಬೇಕಾಗುತ್ತದೆ. ಬ್ಯಾಂಕಿನವರು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ ಆರ್‌ಸೆಟಿಯಲ್ಲಿ ಉಚಿತ ತರಬೇತಿ ಇರುತ್ತದೆ, ವಿಚಾರಿಸಿ. ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಉಪಕರಣಕ್ಕೆ 15,000, ಮೊದಲ ಕಂತಿನಲ್ಲಿ 5% ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ. ಆದರೆ ಅದು ಸ್ವಂತ ಕಸುಬು ಮಾಡುವವರಿಗೆ, ಮನೆಗೆ ಒಬ್ಬರಿಗೆ ಮಾತ್ರ. ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಮೊದಲು ಕೇಳಿ. ಪರಿಹಾರದ ದುಡ್ಡೆಲ್ಲ ಸುರಿದು ಪವರ್ ಮೆಷಿನ್ ತರಬೇಡಿ. ಶಾಲೆ ಯೂನಿಫಾರ್ಮ್ ಹೊಲಿಯಲು ನನಗೆ ಮೇ, ಜೂನ್‌ನಲ್ಲಿ ಕೈ ಸಾಲುವುದಿಲ್ಲ. ಬೇಲೂರು ದೂರ ಅಲ್ಲ ಅನ್ನುವುದಾದರೆ ಆಗ ಪೀಸ್ ಲೆಕ್ಕದಲ್ಲಿ ಕೊಡುತ್ತೇನೆ, ಇಲ್ಲಿ ಮೆಸೇಜ್ ಹಾಕಿ.

ಕಾಲರ್ ಟೈಲರ್, ಹಾಸನ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ, ನಿಮ್ಮ ಲೆಕ್ಕವನ್ನು ಮಗಳ ಹತ್ತಿರ ಹಾಳೆಯಲ್ಲಿ ಬರೆಸಿಕೊಂಡು ಗೇಟಿನ ಹತ್ತಿರ ಎಲ್ಲರಿಗೂ ತೋರಿಸಿದೆ. ನಮ್ಮಲ್ಲಿ ಎಂಟುನೂರರ ಮೇಲೆ ಜನ ಇದ್ದಾರೆ, ಹಾಗಾಗಿ ಮೂರು ತಿಂಗಳ ಲೆಕ್ಕವೇ ನಮಗೆ. ಸಹಿ ಹಾಕದವರು ಒಂದು ಗುಂಪಾಗಿದ್ದೇವೆ. ನಾಳೆ ಕಾರ್ಮಿಕ ಇಲಾಖೆಗೆ ಹೋಗುತ್ತಿದ್ದೇವೆ. ಬಿ.ಎಂ. ರೋಡಿನವರೇ, ನೀವು ಹೇಳಿದ ಭಯ ನನಗೂ ಇದೆ. ಆದರೆ ಒಂದು ಲಕ್ಷ ಅಂದರೆ ಮಗಳ ಎರಡು ವರ್ಷದ ಓದು. ಕೇಳದೆ ಬಿಡಲಾರೆ.

ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಘದ ಕಂತು ಈ ತಿಂಗಳು ತನ್ನ ಪೆನ್ಷನ್ ದುಡ್ಡಲ್ಲಿ ಕಟ್ಟೋಣ ಅಂದರು.

ಇನ್ನೊಂದು ಪ್ರಶ್ನೆ ಅಣ್ಣ. ಪಕ್ಕದ ಮೆಷಿನ್‌ನವಳು ಆಗಲೇ ಸಹಿ ಹಾಕಿದ್ದಾಳಲ್ಲ, ಅವಳಿಗೆ ಏನಾದರೂ ದಾರಿ ಇದೆಯಾ? ಮತ್ತೆ ನನ್ನ ಹೆಸರು ಪಿಎಫ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಒಂದು ಥರ ಇದೆ.

ಸಂಬಳದ ಲೆಕ್ಕ, ಅರಸೀಕೆರೆ:

ಅವಳನ್ನೂ ನಾಳೆ ಜೊತೆಗೆ ಕರೆದುಕೊಂಡು ಹೋಗಮ್ಮ. ಒತ್ತಾಯದಿಂದ ಸಹಿ ಹಾಕಿಸಿಕೊಂಡರು, ಆ ರಾಜೀನಾಮೆ ವಾಪಸ್ ಪಡೆಯುತ್ತಿದ್ದೇನೆ ಅಂತ ಇವತ್ತೇ ಬರೆದು ಸ್ಪೀಡ್ ಪೋಸ್ಟ್ ಮಾಡಲಿ. ತಡ ಆದಷ್ಟೂ ಅವಳ ಮಾತಿನ ತೂಕ ಕಮ್ಮಿ ಆಗುತ್ತದೆ. ಉಳಿದಿದ್ದನ್ನು ಕಾನೂನು ಸೇವಾ ಪ್ರಾಧಿಕಾರದ ವಕೀಲರು ನೋಡಿ ಹೇಳುತ್ತಾರೆ.

ಹೆಸರಿನ ತಿದ್ದುಪಡಿ ಕಂಪನಿಯಲ್ಲಿ ಇರುವಾಗಲೇ ಮಾಡಿಸಿಬಿಡು. ಹುಟ್ಟಿದ ದಿನಾಂಕ, ತಂದೆ ಅಥವಾ ಗಂಡನ ಹೆಸರು, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಎಲ್ಲ ಸರಿಯಿದೆಯಾ ನೋಡು. ಕೆಲಸ ಬಿಟ್ಟ ದಿನಾಂಕವನ್ನು ಅವರು ಹಾಕದಿದ್ದರೆ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀನೇ ವೆಬ್‌ಸೈಟಿನಲ್ಲಿ ಹಾಕಬಹುದು. ಪೇ ಸ್ಲಿಪ್, ಐಡಿ ಕಾರ್ಡ್, ನೇಮಕಾತಿ ಪತ್ರ ಮೂರನ್ನೂ ಫೋಟೊ ತೆಗೆದು ಮಗಳ ಫೋನಿಗೂ ಕಳಿಸಿಡು. ಗೇಟಿನಲ್ಲಿ ಐಡಿ ಕಾರ್ಡ್ ವಾಪಸ್ ಕೇಳಿದರೆ ರಸೀದಿ ಇಲ್ಲದೆ ಕೊಡಬೇಡ. ನಾಳೆ ಏನಂದರು ಅಂತ ಇಲ್ಲೇ ಬರಿ, ಪತ್ರ ಬರೆಯುವುದಕ್ಕೆ ಕಷ್ಟ ಆದರೆ ನಾನು ಬರೆದು ಕಳಿಸುತ್ತೇನೆ.