ಉಪಗ್ರಹದ ಲೇಸರ್ ಸಂಪರ್ಕಕ್ಕೆ ‘ಅತಿವೇಗದ’ ಎಂಬ ವಿಶೇಷಣ ಸರಿಯೇ?

ಮಾನ್ಯರೇ,

ಪುಟ್ಟ ಉಪಗ್ರಹಗಳು ಲೇಸರ್ ಬೆಳಕಿನ ಮೂಲಕ ನೆಲಕ್ಕೆ ಮಾಹಿತಿ ಕಳುಹಿಸುವ ವಿಧಾನವನ್ನು ‘ಅತಿವೇಗದ ಲೇಸರ್ ಸಂವಹನ’ ಎಂದು ಕರೆದರೆ ಅರ್ಥ ತಪ್ಪುತ್ತದೆಯೇ ಎಂಬುದು ನನ್ನ ಪ್ರಶ್ನೆ. ಮಡಿಕೇರಿ ಸುತ್ತಲಿನ ಪ್ರೌಢಶಾಲಾ ಮಕ್ಕಳಿಗಾಗಿ ಈ ವಿಷಯದ ಮೇಲೊಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಆಡುತ್ತ ವಿಜ್ಞಾನವನ್ನು ಕನ್ನಡದಲ್ಲಿ ಓದುವ ಮಕ್ಕಳು ಇಲ್ಲಿ ಬಹಳ. ಪದವೇ ದಾರಿ ತಪ್ಪಿಸಿದರೆ ಅವರಿಗೆ ಅದನ್ನು ತಿದ್ದಿಕೊಳ್ಳುವ ಆಸರೆ ಕಡಿಮೆ.

ತೊಡಕು ಇರುವುದು ಇಲ್ಲಿ. ರೇಡಿಯೋ ಅಲೆಗಳೂ ಲೇಸರ್ ಕಿರಣವೂ ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲೇ ಸಾಗುತ್ತವೆ. ಸುಮಾರು 530 ಕಿಲೋಮೀಟರ್ ಎತ್ತರದ ಉಪಗ್ರಹವೊಂದು ನೆತ್ತಿಯ ಮೇಲಿರುವಾಗ ಎರಡರಲ್ಲಿ ಯಾವುದನ್ನು ಬಳಸಿದರೂ ಸಂಕೇತವು 2 ಮಿಲಿಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ‘ಅತಿವೇಗದ’ ಎಂದು ಓದಿದ ವಿದ್ಯಾರ್ಥಿಯಾದರೋ ಲೇಸರ್ ರೇಡಿಯೋಗಿಂತ ಬೇಗ ಓಡುತ್ತದೆ ಎಂದೇ ತಿಳಿಯುತ್ತಾನೆ. ಪಠ್ಯಪುಸ್ತಕಗಳು ‘ಜವ’ ಮತ್ತು ‘ವೇಗ’ಗಳ ನಡುವೆ ಮಾಡುವ ಭೇದವನ್ನು ಪಾಲಿಸಿ ‘ಅತಿಜವದ’ ಎಂದು ಬರೆದರೂ ಈ ತೊಡಕು ನೀಗುವುದಿಲ್ಲ, ಏಕೆಂದರೆ ಎರಡೂ ಚಲನೆಯ ಮಾತುಗಳೇ.

ನಿಜವಾಗಿ ಹೆಚ್ಚುವುದು ಒಂದು ಸೆಕೆಂಡಿನಲ್ಲಿ ತಲುಪುವ ಮಾಹಿತಿಯ ಮೊತ್ತ. ಈ ಲೇಸರ್‌ಗಳು ಬಳಸುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಆವೃತ್ತಿಯು (ಅಂದರೆ ಸೆಕೆಂಡಿಗೆ ಅದರ ಅಲೆಗಳ ಕಂಪನಸಂಖ್ಯೆಯು) ಉಪಗ್ರಹಗಳು ಬಳಸುವ ರೇಡಿಯೋ ಆವೃತ್ತಿಗಿಂತ ಸಾವಿರಾರು ಪಟ್ಟು ಹೆಚ್ಚಿರುವುದರಿಂದ ಅದರ ಮೇಲೆ ಬಹಳ ಹೆಚ್ಚು ಮಾಹಿತಿಯನ್ನು ಹೇರಲು ಸಾಧ್ಯವಾಗುತ್ತದೆ. ನಾಸಾದ ‘ಟಿಬರ್ಡ್’ ಎಂಬ ಲೇಸರ್ ಸಂವಹನದ ಉಪಕರಣವನ್ನು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಲಿಂಕನ್ ಪ್ರಯೋಗಾಲಯ ನಿರ್ಮಿಸಿತು. 2022ರ ಮೇ ತಿಂಗಳಲ್ಲಿ ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಪೆಟ್ಟಿಗೆಯಾಕಾರದ ಉಪಗ್ರಹವೊಂದರೊಳಗೆ ಕುಳಿತು ಮೇಲೇರಿದ ಅದು ಆ ವರ್ಷವೇ ಸೆಕೆಂಡಿಗೆ 100 ಗಿಗಾಬಿಟ್ (ಒಂದು ಗಿಗಾಬಿಟ್ ಎಂದರೆ ನೂರು ಕೋಟಿ ಬಿಟ್), 2023ರ ಏಪ್ರಿಲ್‌ನಲ್ಲಿ 200 ಗಿಗಾಬಿಟ್ ಕಳುಹಿಸಿತು. ಕ್ಯಾಲಿಫೋರ್ನಿಯಾದ ಟೇಬಲ್ ಮೌಂಟನ್ ಮೇಲಿನ ದೂರದರ್ಶಕವು ಕೆಲವೇ ನಿಮಿಷಗಳಲ್ಲಿ 2 ಟೆರಾಬೈಟ್‌ಗೂ (ಅಂದರೆ 16,000 ಗಿಗಾಬಿಟ್‌ಗೂ) ಮಿಕ್ಕ ಮಾಹಿತಿಯನ್ನು ಹಿಡಿದುಕೊಂಡಿತು. ಅಲ್ಲಿ ಬೆಳೆದದ್ದು ಬೆಳಕಿನ ಓಟವಲ್ಲ.

ಇದಕ್ಕೆ ‘ದತ್ತಾಂಶ ದರ’ ಎನ್ನುವವರಿದ್ದಾರೆ. ಶಾಸ್ತ್ರೀಯವಾಗಿ ಅದು ಸರಿ. ಆದರೆ ಕಾಫಿ, ಕರಿಮೆಣಸಿನ ನಾಡಿನಲ್ಲಿ ‘ದರ’ ಎಂದೊಡನೆ ಮಾರುಕಟ್ಟೆಯ ಬೆಲೆಯೇ ನೆನಪಾಗುವುದರಿಂದ ‘ದತ್ತಾಂಶ ದರ ಹೆಚ್ಚಿದೆ’ ಎಂಬ ವಾಕ್ಯವನ್ನು ಡೇಟಾ ತುಟ್ಟಿಯಾಯಿತು ಎಂದು ಓದುವ ಸಂಭವವಿದೆ. ನನಗೆ ಒಪ್ಪಿಗೆಯಾಗುತ್ತಿರುವ ಪದ ‘ಹರಿವು’. ಮಳೆಗಾಲದಲ್ಲಿ ಹಾರಂಗಿ ಜಲಾಶಯದ ಒಳಹರಿವು ಇಷ್ಟು ಕ್ಯೂಸೆಕ್ ಎಂದು ಪತ್ರಿಕೆಗಳಲ್ಲಿ ಓದುವಾಗ, ಅದು ನೀರು ಓಡುವ ವೇಗವಲ್ಲ, ಸೆಕೆಂಡಿಗೆ ಬಂದು ಸೇರುವ ನೀರಿನ ಮೊತ್ತ ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ‘ಸೆಕೆಂಡಿಗೆ 200 ಗಿಗಾಬಿಟ್ ಹರಿವು’ ಎಂದರೆ ವ್ಯಾಖ್ಯಾನವೇ ಬೇಕಾಗದು. ‘ಭಾರೀ ಹರಿವಿನ ಲೇಸರ್ ಸಂಪರ್ಕ’ ಎಂಬ ಹೆಸರೂ ಸಹಜವಾಗಿ ಕೂಡುತ್ತದೆ. ‘ಪ್ರವಾಹ’ ಎಂದು ಸಂಸ್ಕೃತಕ್ಕೆ ಹೋಗುವುದನ್ನು ನಾನು ಒಪ್ಪಲಾರೆ: ಅದು ಈಗಾಗಲೇ ವಿದ್ಯುತ್ತಿನ ಪಾಲಾಗಿದೆ, ಮೇಲಾಗಿ 2018ರ ನೆರೆಯನ್ನು ಕಂಡ ಕೊಡಗಿನ ಮಕ್ಕಳಿಗೆ ಆ ಪದದಲ್ಲಿ ಬೇರೆಯದೇ ಭಾರವಿದೆ.

ಇದರ ಜೊತೆಗೇ ಬರುವ ‘ಪ್ರಸಾರ’ವನ್ನೂ ಬಿಡಬೇಕೆಂದು ನನ್ನ ಎಣಿಕೆ. ಆಕಾಶವಾಣಿಯಿಂದ ಬಂದ ಆ ಮಾತಿನಲ್ಲಿ ಎಲ್ಲೆಡೆ ಹರಡುವ ಅರ್ಥವಿದೆ. ಲೇಸರ್ ಕಿರಣ ಇದಕ್ಕೆ ತದ್ವಿರುದ್ಧ: ಅತ್ಯಂತ ಕಿರಿದಾದ ಆ ಕಿರಣವನ್ನು ಒಂದೇ ದೂರದರ್ಶಕದ ಮೇಲೆ ನಿಲ್ಲಿಸಲು ಟಿಬರ್ಡ್ ಹೊತ್ತ ಉಪಗ್ರಹವು ತನ್ನ ಒಡಲನ್ನೇ ತಿರುಗಿಸುತ್ತ ಗುರಿ ಹಿಡಿಯಬೇಕಿತ್ತು. ವಾಯುಮಂಡಲದ ಕಲಕಾಟದಿಂದ ಕಳೆದುಹೋದ ತುಣುಕುಗಳನ್ನು ನೆಲದಿಂದ ಸೂಚನೆ ಪಡೆದು ಮತ್ತೆ ಕಳುಹಿಸುವ ಏರ್ಪಾಡೂ ಅದರಲ್ಲಿತ್ತು. ಕಳುಹಿಸಿದ್ದು ತಲುಪಿತೇ ಎಂದು ವಿಚಾರಿಸುವ ಈ ಕ್ರಿಯೆಗೆ ‘ರವಾನೆ’ ಚೆನ್ನಾಗಿ ಒಪ್ಪುತ್ತದೆ. ‘ಭೂಕೇಂದ್ರ’ವಂತೂ ಭೂಮಿಯ ನಡುಬಿಂದುವಿನ ಹೆಸರು; ಉಪಗ್ರಹದ ಸಂಕೇತವನ್ನು ನೆಲದಲ್ಲಿ ಹಿಡಿಯುವ ತಾಣಕ್ಕೆ ‘ನೆಲನಿಲ್ದಾಣ’ ಸಾಕು.

ನನಗೆ ಪದ ಸಿಗದೆ ಉಳಿದಿರುವುದು ಇಂಗ್ಲಿಷಿನ ‘ಪಾಸ್’ಗೆ. ಉಪಗ್ರಹವು ನೆಲನಿಲ್ದಾಣದ ದಿಗಂತದ ಮೇಲೆ ಮೂಡಿ, ಬಾನನ್ನು ದಾಟಿ, ಮರೆಯಾಗುವ ಕೆಲವು ನಿಮಿಷಗಳ ಅವಧಿ ಅದು. ದಟ್ಟ ಮೋಡವನ್ನು ಲೇಸರ್ ಬೆಳಕು ದಾಟಲಾರದ್ದರಿಂದ, ಆಷಾಢದ ಮಡಿಕೇರಿಯಂಥ ಊರಿನಲ್ಲಿ ನಿಲ್ದಾಣವಿದ್ದರೆ ಉಪಗ್ರಹ ಹಾದುಹೋದರೂ ರವಾನೆ ನಡೆಯದ ಅವಧಿಗಳೇ ಹೆಚ್ಚಾಗುತ್ತವೆ. ಆದ್ದರಿಂದ ಹಾಯುವುದಕ್ಕೂ ಕಳುಹಿಸುವುದಕ್ಕೂ ಬೇರೆ ಬೇರೆ ಪದಗಳು ಬೇಕು. ‘ಹಾಯುವಿಕೆ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಕ್ರಿಯೆಯನ್ನು ಅದು ಹೇಳುತ್ತದೆ, ಅವಧಿಯನ್ನು ಹೇಳುವುದಿಲ್ಲ. ‘ಹಾಯ್ಹೊತ್ತು’ ಎಂಬ ಸಮಾಸ ಕಿವಿಗೆ ಒರಟಾಗುವುದೇ, ಅಥವಾ ಇದಕ್ಕಿಂತ ಹಳೆಯ, ಬಳಕೆಯಲ್ಲಿರುವ ಮಾತು ಕನ್ನಡದಲ್ಲಿ ಇದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.